ಓಣಿಯಿಂದ ಹಿಡಿದು ಮಾಡಿ

ಗೊಂಬೆಮನೆಗೆ ತೋಟ ಮಾಡಲು ಕೂತವರು ಮೊದಲು ಗಿಡ ಹುಡುಕುತ್ತಾರೆ. ಕೊಡಗಿನವರು ಮೊದಲು ಹುಡುಕಬೇಕಾದ್ದು ಇಳಿಜಾರು. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ ಗುಡ್ಡದ ಮಗ್ಗುಲಿಗೆ ನಿಲ್ಲುತ್ತದೆ. ಕೆಳಗೆ ಗದ್ದೆ, ಮೇಲೆ ಬಾಣೆಯ ಏರುಜಾಗ, ಗದ್ದೆಯ ಕಡೆಯಿಂದ ಅಂಗಳಕ್ಕೆ ಏರಿಬರುವ ಓಣಿ. ಎರಡೂ ಬದಿ ಗೋಡೆಯಿರುವ ಆ ಓಣಿ ಬಳಸಿಕೊಂಡು ಬರುವುದರಿಂದ, ಕೊನೆಯ ತಿರುವಿನ ತನಕ ಮನೆ ಕಾಣಿಸುವುದಿಲ್ಲ. ಈ ತಡ ನಮ್ಮ ತೋಟದ ಜೀವಾಳ. ಬಿಳಿ ಬೇಲಿ, ನೇರ ಕಾಲುದಾರಿ, ಇಕ್ಕೆಲದಲ್ಲಿ ಗುಲಾಬಿ ಎಂಬ ಪರದೇಶದ ನಕ್ಷೆಯನ್ನು ಬದಿಗಿಟ್ಟು, ತೋಟ ಕೂರಿಸುವ ತಟ್ಟೆಯ ಒಂದು ಮೂಲೆಯಿಂದ ಓಣಿಯನ್ನು ತಿರುಗಿಸಿ ತಂದು ನೋಡಿ. 2 ಅಡಿ ಜಾಗವೂ ದೊಡ್ಡದಾಗುತ್ತದೆ. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನ ಐನ್‌ಮನೆಗಳನ್ನು ದಾಖಲಿಸಿ ಬರೆದ ಪುಸ್ತಕ ಸಿಕ್ಕರೆ, ಮಣ್ಣಿಗೆ ಕೈ ಹಾಕುವ ಮೊದಲು ಅದನ್ನು ತಿರುವಿಹಾಕಿ.

ಗೊಂಬೆಮನೆಗೆ ರೂಢಿಯಲ್ಲಿರುವ ಅಳತೆ 1:12, ಅಂದರೆ 1 ಅಡಿಗೆ 1 ಇಂಚು. 5 ಅಡಿಗೆ ತಲೆ ಕತ್ತರಿಸಿದ ಅರೇಬಿಕಾ ಕಾಫಿ ಗಿಡ ಇಲ್ಲಿ 5 ಇಂಚು. ಅದಕ್ಕೆ ನೆರಳು ಕೊಡುವ 60 ಅಡಿಯ ಸಿಲ್ವರ್ ಓಕ್ ಮಾತ್ರ 5 ಅಡಿಯಾಗಿ ಮೇಜನ್ನೇ ನುಂಗುತ್ತದೆ. ಅದಕ್ಕೆ ಹೆದರಬೇಕಿಲ್ಲ, ಎತ್ತರದಲ್ಲಿ ಮೋಸ ನಡೆಯುತ್ತದೆ. ಒಂದೂವರೆ ಅಡಿಯ ಮರವನ್ನೂ ಕಣ್ಣು ಹೆಮ್ಮರವೆಂದು ಒಪ್ಪುತ್ತದೆ. ಎಲೆಯಲ್ಲಿ ಮೋಸ ನಡೆಯದು. ಅಂಗೈಯಗಲದ ಒಂದು ಕ್ರೋಟನ್ ಎಲೆ ಬಾಗಿಲ ಬಳಿ ಬಂದರೆ ಸಾಕು, ಮನೆ ಮತ್ತೆ ಆಟಿಕೆಯಾಗಿಬಿಡುತ್ತದೆ. ನರ್ಸರಿಗೆ ಹೋಗುವಾಗ ಜೇಬಿನಲ್ಲಿ ಸ್ಕೇಲ್ ಇರಲಿ. ಅಳೆಯಬೇಕಾದ್ದು ಗಿಡವನ್ನಲ್ಲ, ಎಲೆಯನ್ನು.

ಕಾಫಿಗೆ ನಾನು ಆರಿಸುವುದು ಸೆರಿಸ್ಸಾ. ಬೋನ್ಸಾಯ್ ಮಾಡುವವರ ಹಳೆಯ ಮೆಚ್ಚಿನ ಗಿಡ, ಕಾಫಿಯ ಕುಟುಂಬಕ್ಕೇ ಸೇರಿದ್ದು. ಅರೇಬಿಕಾದ ಎಲೆ 6 ಇಂಚು ಇದ್ದರೆ ನಮ್ಮ ಅಳತೆಗೆ ಅರ್ಧ ಇಂಚು ಬೇಕು. ಸೆರಿಸ್ಸಾ ಎಲೆ ಅದಕ್ಕೂ ತುಸು ಚಿಕ್ಕದೇ. ಬಿಳಿ ಹೂವೂ ಬಿಡುತ್ತದೆ. ಹೂವು ಮಾತ್ರ ಅಳತೆಗೆ ಬಗ್ಗದು, ಬೋನ್ಸಾಯಿಯಲ್ಲಿ ಎಲೆ ಕುಗ್ಗಿದಂತೆ ಹೂವು, ಹಣ್ಣು ಕುಗ್ಗುವುದಿಲ್ಲ. ಆದರೂ ಕಾಫಿ ಅರಳಿಸುವ ಹೂಮಳೆ ಬಿದ್ದ ತೋಟದ ನೆನಪು ತರುವ ಆ ಬಿಳುಪನ್ನು ಚಿವುಟಿ ಹಾಕಲು ನನಗೆ ಮನಸ್ಸಾಗದು. ಮರದ ಬೊಡ್ಡೆಗೆ ಮೆಣಸಿನ ಬಳ್ಳಿ ಬೇಕಲ್ಲವೇ? ಗೋಡೆಗೆ ತಾನಾಗಿ ಅಂಟಿ ಹಬ್ಬುವ ಫೈಕಸ್ ಪ್ಯುಮಿಲಾದ ಸಣ್ಣೆಲೆಯ ಬಗೆ ಅದಕ್ಕೆ ಸರಿ. ಬುಡದ ಪೊದೆಗೆ ಹಣ ಕೊಡಬೇಡಿ. ಹೂಕುಂಡಗಳ ಸಂದಿಯಲ್ಲಿ ಕಳೆಯಾಗಿ ಹುಟ್ಟುವ, ಸಾಸಿವೆಯಷ್ಟೇ ಎಲೆಯ ಪಿಲಿಯಾ ಇದೆ.

ಲಂಡನ್ನಿನ ಹತ್ತಿರ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆಮನೆಯಿದೆ. 1924ರಲ್ಲಿ ಮುಗಿದ ಆ ಮನೆಯ ವಿನ್ಯಾಸ ನಮ್ಮ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ ಅವರದು, ಅದೂ 1:12ರಲ್ಲಿ. ತೋಟವನ್ನು ಯೋಜಿಸಿದವರು ಆ ಕಾಲದ ದೊಡ್ಡ ಉದ್ಯಾನತಜ್ಞೆ ಗರ್ಟ್ರೂಡ್ ಜೀಕಿಲ್. ಮನೆಯ ಕೆಳಗಿನ ಡ್ರಾಯರ್ ಎಳೆದರೆ ಇಡೀ ತೋಟ ಹೊರಬರುತ್ತದೆ. ಆ ಕುಶಲತೆಗೆ ಕೈಮುಗಿಯುತ್ತೇನೆ. ಆದರೆ ಅಲ್ಲಿರುವುದೆಲ್ಲ ಮನುಷ್ಯರು ಮಾಡಿದ ಗಿಡ. ನಮಗೆ ಪಾಚಿಯಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಪಾಚಿ ಕಟ್ಟದ ಗೋಡೆ ಯಾವುದು? ಮಂಗಳೂರು ಹೆಂಚು, ಮೆಟ್ಟಿಲು, ಕಾಫಿ ಗಿಡದ ಕಾಂಡ, ಎಲ್ಲಕ್ಕೂ ಹಸಿರು ಹೊದಿಕೆ. ಕಾಡಿನಿಂದ ತರುವ ಮಾತೇ ಬೇಡ. ಮನೆಯ ಕಾಂಪೌಂಡ್ ಸಾಕು. ಮಳೆ ನಿಂತ ಬೆಳಗ್ಗೆ ಚಪ್ಪಟೆ ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ, ಒಂದೇ ಕಡೆ ಬೋಳಾಗಿಸದೆ ಅಲ್ಲಿಷ್ಟು ಇಲ್ಲಿಷ್ಟು ತೆಗೆಯಿರಿ. ಪಾಚಿಗೆ ಬೇರಿಲ್ಲ, ನೀರು ಕುಡಿಯುವುದು ಮೈಯಿಂದಲೇ. ಹಾಗಾಗಿ ಗೊಬ್ಬರ ಬೇಡ. ಅಡಿಯಲ್ಲಿ ಗಾಳಿ ಉಳಿಯದಂತೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಕಲ್ಲಿನದು ಕಲ್ಲಿಗೆ, ಮಣ್ಣಿನದು ಮಣ್ಣಿಗೆ. ಈ ನಿಯಮ ಮುರಿದರೆ ತಿಂಗಳೊಳಗೆ ಕಂದು ತಿರುಗುವುದು ಬಹುತೇಕ ಖಂಡಿತ. ದಿಂಬಿನಂತೆ ಉಬ್ಬಿದ ಬಗೆಯನ್ನು ಬಾಣೆಯ ಏರಿಗೂ ಚಾಪೆಯಂತೆ ಹರಡುವುದನ್ನು ಓಣಿಯ ಗೋಡೆಗೂ ಇಡುವುದು ನನ್ನ ಪದ್ಧತಿ.

ಅಂಗಳವನ್ನು ಬರಿದಾಗಿಯೇ ಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಖಾಲಿ ನೆಲ ಕಂಡರೆ ಗಿಡಪ್ರೇಮಿಗಳ ಕೈ ಸುಮ್ಮನಿರುವುದಿಲ್ಲ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಕೆಮ್ಮಣ್ಣನ್ನು ಒದ್ದೆ ಮಾಡಿ ತಟ್ಟಿದರೆ ಅಂಗಳ ಸಿದ್ಧ. ಅದರ ಒಂದು ಬದಿಗೆ, ಒಣಹಾಕಿದ ಕಾಫಿಯಂತೆ, ಹಿಡಿ ರಾಗಿ ಹರಡಿ. ಕಾಫಿ ಹಣ್ಣು ಸುಮಾರು 15 ಮಿಲಿಮೀಟರ್, ರಾಗಿ ಕಾಳು ಒಂದೂವರೆಯ ಆಸುಪಾಸು. ಬಣ್ಣವೂ ಬಿಸಿಲಿಗೆ ಒಣಗುತ್ತಿರುವ ಹಣ್ಣಿನದೇ. ಇಷ್ಟು ಕರಾರುವಾಕ್ಕಾದ ಹೊಂದಿಕೆ ಯಾವ ಅಂಗಡಿಯಲ್ಲೂ ಸಿಗದು.

ಅದೇ ರಾಗಿ ಗದ್ದೆಗೂ ಬೇಕು. ಮೈಸೂರು ಸೀಮೆಯ ದಸರಾ ಗೊಂಬೆ ಕೂರಿಸುವವರು ರಾಗಿ, ಸಾಸಿವೆ ಚೆಲ್ಲಿ ಮೊಳಕೆ ಬರಿಸಿ ಗೊಂಬೆಗಳಿಗೆ ಹೊಲ, ಪಾರ್ಕು ಮಾಡುತ್ತ ಬಂದಿದ್ದಾರೆ. ಈ ಕಲೆಯಲ್ಲಿ ನಮ್ಮ ನಿಜವಾದ ಗುರುಗಳು ಅವರೇ. ಭತ್ತಕ್ಕೆ ರಾಗಿಯೊಂದೇ ಸಾಕು, ಸಾಸಿವೆಯ ಅಗಲ ಎಲೆ ಬೇಡ. ಒಂದು ರಾತ್ರಿ ನೆನೆಸಿ ಒತ್ತಾಗಿ ಚೆಲ್ಲಿ. ವಾರದಲ್ಲಿ ಸಸಿಮಡಿಯ ಹಸಿರು ಬರುತ್ತದೆ. 3 ಇಂಚು ದಾಟದಂತೆ ಕತ್ತರಿ ಆಡಿಸಿ. ಬೆಳಕು ಸಾಲದಿದ್ದರೆ ಬಿಳಿಚಿ ಮಲಗುತ್ತದೆ, ಆಗ ಕಿತ್ತು ಮತ್ತೆ ಬಿತ್ತಿ. ಗದ್ದೆಯ ನೀರಿಗೆಂದು ಕನ್ನಡಿ ತುಂಡು ಇಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಕನ್ನಡಿಯಲ್ಲಿ ಮನೆಯ ಸೂರಿನ ಜೊತೆಗೆ ನಮ್ಮ ಸೀಲಿಂಗ್ ಫ್ಯಾನೂ ಕಾಣುತ್ತದೆ.

ಓಣಿಯ ಬಾಯಿಗೆ ಉಣುಗೋಲು ಹಾಕಿ: ತೂತು ಕೊರೆದ ಎರಡು ಗೂಟ, ಅಡ್ಡಲಾಗಿ ಸರಿಸಲು ಊದಿನಕಡ್ಡಿಯ ಬಿದಿರು. ಗೂಟಕ್ಕೆ ಗಿಡ ಸವರಿದಾಗ ಬಿದ್ದ ಕಾಫಿ ಕಡ್ಡಿ ಚೆನ್ನ, ಗಟ್ಟಿ ಮರ. ಕುಲದ ಹಿರಿಯರಾದ ಕಾರಣವರ ಗುಡಿ, ಕೈಮಡವನ್ನು ಮಾತ್ರ ನಾನು ಆಟಿಕೆ ಮಾಡುವುದಿಲ್ಲ. ಅದರ ಜಾಗವನ್ನು ಖಾಲಿ ಬಿಡುತ್ತೇನೆ.

ಶುರು ಮಾಡಲು ಒಳ್ಳೆಯ ಕಾಲ ಸೆಪ್ಟೆಂಬರ್, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ. ತಟ್ಟೆಯ ತಳಕ್ಕೆ ತೂತಿರಲಿ, ಮಣ್ಣಿನಡಿ 1 ಇಂಚು ಬೇಬಿ ಜಲ್ಲಿ ಇರಲಿ. ಜೋರು ಮಳೆಯಲ್ಲಿ ಜಗಲಿಯ ಒಳಗಿಡಿ, ಇಲ್ಲವಾದರೆ ಇಳಿಜಾರೆಲ್ಲ ಗದ್ದೆಗೆ ಬಂದು ಕೂರುತ್ತದೆ. ಮಾರ್ಚ್‌ನಲ್ಲಿ ಪಾಚಿ ಮುದುಡಿ ಕಂದಾದರೆ ಕಿತ್ತೆಸೆಯಬೇಡಿ. ಕೂಡಿಟ್ಟ ಮಳೆನೀರನ್ನು ಬೆಳಗ್ಗೆ ಸಂಜೆ ಸಿಂಪಡಿಸುತ್ತಾ ಬನ್ನಿ, ಅದು ಮತ್ತೆ ಹಸಿರಾಗುತ್ತದೆ.