ಗಣಕದ ಬಿಡಿಭಾಗಗಳು ಮಿಕ್ಕಿದ್ದೇಕೆ? ಅರ್ಧ ಉತ್ತರದ ವಿಮರ್ಶೆ

2021ರಲ್ಲಿ ಪ್ರಪಂಚದಲ್ಲಿ ಸುಮಾರು 35 ಕೋಟಿ ಪಿಸಿಗಳು ಮಾರುಕಟ್ಟೆಗೆ ಹೋದವು. 2023ರಲ್ಲಿ ಆ ಸಂಖ್ಯೆ ಸುಮಾರು 26 ಕೋಟಿಗೆ ಇಳಿಯಿತು. ಬಿಡಿಭಾಗಗಳು ಉಗ್ರಾಣಗಳಲ್ಲೇ ಉಳಿದವು. "ಕೊರೊನಾ ಮುಗಿಯಿತು, ಜನ ಕೊಳ್ಳಲಿಲ್ಲ, ಸರಕು ಮಿಕ್ಕಿತು" ಎಂಬ ವಿವರಣೆ ಆಗ ಎಲ್ಲೆಡೆ ಕೇಳಿಬಂತು. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಪಿಸಿ ಮಾರಾಟ ಇಳಿದದ್ದು ಕಾಲು ಭಾಗ. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿಯ ವರಮಾನ 2023ರ ಮಾರ್ಚ್ ಆರಂಭದಲ್ಲಿ ಮುಗಿದ ತ್ರೈಮಾಸಿಕದಲ್ಲಿ, ಹಿಂದಿನ ವರ್ಷಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ದಾಸ್ತಾನಿನ ಮೌಲ್ಯದಲ್ಲೇ ಸುಮಾರು 140 ಕೋಟಿ ಡಾಲರನ್ನು ಅದು ತಗ್ಗಿಸಬೇಕಾಯಿತು. ಮೈಕ್ರಾನ್ ಫೋನು, ಸರ್ವರುಗಳಿಗೂ ಮಾರುತ್ತದೆ, ಬೆಲೆಯೂ ಬಿದ್ದಿತ್ತು, ನಿಜ. ಆದರೂ ಸರಪಳಿಯ ಆ ತುದಿಯಲ್ಲಿ ಪೆಟ್ಟು ಇಷ್ಟು ದೊಡ್ಡದಾದದ್ದು ಹೇಗೆ?

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ವಾರಕ್ಕೆ 10 ರ‍್ಯಾಮ್ ಮಾರಾಟ. ನಾಲ್ಕು ವಾರಗಳಿಗಾಗುವಷ್ಟು, ಅಂದರೆ 40, ಸದಾ ಇರಬೇಕೆಂಬುದು ಮಾಲೀಕರ ಲೆಕ್ಕ. ಒಂದು ವಾರ 12 ಮಾರಾಟವಾಯಿತು. ಈಗ 48 ಇರಬೇಕು, ಉಳಿದಿರುವುದು 28. ಎಸ್.ಪಿ. ರಸ್ತೆಯ ಸಗಟು ವ್ಯಾಪಾರಿಗೆ 20ಕ್ಕೆ ಆರ್ಡರ್ ಹೋಗುತ್ತದೆ. ಅವರದೂ ಅದೇ ಲೆಕ್ಕ: 80 ಬೇಕು, ಇರುವುದು 20. ಅವರು ತರಿಸುವುದು 60. ಗ್ರಾಹಕರ ಬೇಡಿಕೆ ಏರಿದ್ದು ಶೇ. 20, ಎರಡು ಮೆಟ್ಟಿಲು ದಾಟುವಷ್ಟರಲ್ಲಿ ಆರ್ಡರ್ ಆರು ಪಟ್ಟು! ಮರುವಾರ ಮಾರಾಟ 10ಕ್ಕೆ ಮರಳಿದರೆ ಅಂಗಡಿಯ ಆರ್ಡರ್ ಬರೀ 2. ಸಗಟು ವ್ಯಾಪಾರಿಯ ಬಳಿ 78 ಉಳಿದಿವೆ, ಅವರ ಸೂತ್ರದ ಪ್ರಕಾರ ಬೇಕಾದದ್ದು 8. ಇಲ್ಲಿ ಯಾರೂ ದುರಾಸೆ ಪಡಲಿಲ್ಲ.

ಇದನ್ನು ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಬಾರುಕೋಲನ್ನು ಹಿಡಿದ ಕೈ ಸ್ವಲ್ಪ ಅಲುಗಿದರೂ ತುದಿ ದೂರಕ್ಕೆ ಬೀಸುತ್ತದಲ್ಲ, ಹಾಗೆ. ಕಾರ್ಖಾನೆಯ ಆರ್ಡರುಗಳ ಈ ಏರಿಳಿತವನ್ನು 1950ರ ದಶಕದಲ್ಲಿ ವಿಶ್ಲೇಷಿಸಿದವರು ಎಂ.ಐ.ಟಿ.ಯ ಜೇ ಫಾರೆಸ್ಟರ್. ಅದಕ್ಕೆ ಮೊದಲು ಗಣಕಗಳಿಗೆ ಕಾಂತೀಯ ಕೋರ್ ಮೆಮೊರಿ ರೂಪಿಸಿದವರೂ ಅವರೇ ಎಂಬುದು ಸ್ವಾರಸ್ಯ. 1997ರಲ್ಲಿ ಹಾವ್ ಲೀ ಮತ್ತು ಸಂಗಡಿಗರು ಇನ್ನೊಂದು ಕಾರಣ ಸೇರಿಸಿದರು: ಕೊರತೆ ಇದ್ದಾಗ ಕೊಳ್ಳುವವರು ಬೇಕಾದದ್ದಕ್ಕಿಂತ ಹೆಚ್ಚು ಕೇಳುತ್ತಾರೆ. ಚಿಪ್ ತಯಾರಾಗಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ, ಆರ್ಡರ್ ನಿಂತರೂ ಹಿಂದೆ ಹೊರಟ ಸರಕು ಬರುತ್ತಲೇ ಇರುತ್ತದೆ.

ನಮ್ಮ ತರಗತಿಗಳಲ್ಲಿ ಬರೆಯುವ ಬೇಡಿಕೆ-ಪೂರೈಕೆ ರೇಖಾಚಿತ್ರದ ದೊಡ್ಡ ಕೊರತೆ ಇಲ್ಲಿದೆ: ಅದರಲ್ಲಿ ಕಾಲದ ಅಕ್ಷವೇ ಇಲ್ಲ. ಎರಡು ಗೆರೆಗಳು ಕೂಡಿದಲ್ಲಿಗೆ ಪಾಠ ಮುಗಿಯುತ್ತದೆ. ತಡ ಎಂಬುದು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಅಧ್ಯಾಪಕರು ಮೇಲಿನ ಲೆಕ್ಕವನ್ನೇ ಹಲಗೆಯ ಮೇಲೆ ಮಾಡಿಸಬಹುದು. ಕಳೆದ ವಾರದ ಬದಲು ನಾಲ್ಕು ವಾರಗಳ ಸರಾಸರಿ ಹಿಡಿದರೆ ಅಂಗಡಿಯ ಆರ್ಡರ್ 14, ಸಗಟು ವ್ಯಾಪಾರಿಯದು 18. ಅರವತ್ತೆಲ್ಲಿ, ಹದಿನೆಂಟೆಲ್ಲಿ!

ಆದರೆ ಸರಾಸರಿಗೂ ಬೆಲೆ ತೆರಬೇಕು. ಏರಿಕೆ ನಿಜವಾಗಿದ್ದರೆ ಅಂಗಡಿಯ ಕಪಾಟು ಬೇಗ ಬರಿದಾಗುತ್ತದೆ. ಹಾಗೆಂದು ರಾಗಿಯನ್ನು ಹಗೇವಿನಲ್ಲಿಟ್ಟಂತೆ ಬಿಡಿಭಾಗಗಳನ್ನು ಇಡಲೂ ಬಾರದು. ಡಿಡಿಆರ್4 ರ‍್ಯಾಮ್ ಡಿಡಿಆರ್5ರ ಬೋರ್ಡಿಗೆ ಕೂರುವುದಿಲ್ಲ. ದೊಡ್ಡ ಕಂಪನಿ ನಷ್ಟವನ್ನು ಲೆಕ್ಕದಲ್ಲಿ ಬರೆದು ಮುಂದೆ ಸಾಗಬಹುದು, ಸಾಲ ಮಾಡಿ ಸರಕು ತುಂಬಿಸಿದ ಅಂಗಡಿಗೆ ಆ ಅನುಕೂಲವಿಲ್ಲ. 2025ರಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಗೆ ಕೊರತೆಯುಂಟಾಗಿ ಬೆಲೆ ಏರಿತು. ಹಳೆಯ ಡಿಡಿಆರ್4 ಕೂಡ ದುಬಾರಿಯಾಯಿತು. 12 ಮಾರಿ 20 ಕೇಳುವ ಒತ್ತಡ ಮತ್ತೆ ಹುಟ್ಟುವುದು ಇಂಥ ಹೊತ್ತಿನಲ್ಲೇ.