ಅಂಕಿತವಿಲ್ಲದ ಮಾತು

ಜಾತಿಯ ಅಡ್ಡಿಯಿಲ್ಲದೆ, ಸ್ತ್ರೀಪುರುಷರೆಂಬ ಭೇದವಿಲ್ಲದೆ, ಪಂಡಿತರ ಅಪ್ಪಣೆಗೆ ಕಾಯದೆ ಯಾರು ಬೇಕಾದರೂ ಮಾತನಾಡಬಹುದಾದ ಸ್ಥಳವಾದುದರಿಂದ ಸಾಮಾಜಿಕ ಜಾಲತಾಣವೇ ನಮ್ಮ ಕಾಲದ ಅನುಭವ ಮಂಟಪವೆಂಬ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಪರೀಕ್ಷಿಸುವ ಶ್ರಮವನ್ನು ಈಗ ಯಾರೂ ವಹಿಸುವಂತೆ ಕಾಣುವುದಿಲ್ಲ. 2021ರ ಜನವರಿಯಲ್ಲಿ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾದ ಮೇಲಂತೂ ಈ ಉಪಮೆಗೆ ಒಂದು ಬಗೆಯ ಪ್ರಾಮಾಣ್ಯವೇ ಲಭಿಸಿದಂತಿದೆ. ಹನ್ನೆರಡನೆಯ ಶತಮಾನದ ಮಂಟಪವು ಕಲ್ಲಿನ ಕಟ್ಟಡವಾಗಿದ್ದಿತೋ, ಶರಣರ ಗೋಷ್ಠಿಗೆ ಮುಂದಿನವರಿಟ್ಟ ಹೆಸರೋ ಎಂಬ ವಿದ್ವಾಂಸರ ಹಳೆಯ ವ್ಯಾಜ್ಯ ಇಲ್ಲಿ ಅಪ್ರಸ್ತುತ. ನನ್ನ ಆಕ್ಷೇಪವಿರುವುದು ಉಪಮೆಯ ಮೇಲೆ; ಅದು ಜಾಲತಾಣಕ್ಕೆ ಅರ್ಹತೆಯನ್ನು ಮೀರಿದ ಕೀರ್ತಿಯನ್ನು ಕೊಡುತ್ತದೆ, ಶರಣರ ಕೀರ್ತಿಗೆ ಮೂಲವಾದುದನ್ನೇ ಮರೆಸುತ್ತದೆ.

ಜಾಲತಾಣದ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋದ ಮಕ್ಕಳ ಮುಖವನ್ನು ಹುಮನಾಬಾದಿನ ತಾಯಿ ರಾತ್ರಿಯೂಟದ ಹೊತ್ತಿಗೆ ಕಾಣುತ್ತಾಳೆ. ಸೋಯಾ, ತೊಗರಿಗಳ ಧಾರಣೆಯನ್ನು ರೈತನು ಚೀಲ ಹೇರುವ ಮುನ್ನವೇ ತಿಳಿಯುತ್ತಾನೆ. ಸಕಲಮತ ಸಂಪ್ರದಾಯದ ಮಾಣಿಕನಗರದಲ್ಲಿ ದತ್ತಜಯಂತಿಗೆ ನಡೆಯುವ ಉತ್ಸವವನ್ನು ದೂರದ ಭಕ್ತರು ಕುಳಿತಲ್ಲಿಯೇ ನೋಡುತ್ತಾರೆ. ಕನ್ನಡ, ಮರಾಠಿ, ಉರ್ದುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಬೆರೆಯುವ ಈ ಸೀಮೆಯಲ್ಲಿ, ಯಾವ ಲಿಪಿಯನ್ನೂ ಗಟ್ಟಿಯಾಗಿ ಕಲಿಯದವರಿಗೆ ಧ್ವನಿಸಂದೇಶವು ದೊಡ್ಡ ಆಧಾರವಾಗಿದೆ. ಇವೆಲ್ಲ ನಿಜವಾದ ಲಾಭಗಳು. ಆದರೆ ಇವು ಅಂಚೆಗೂ ದೂರವಾಣಿಗೂ ಸಲ್ಲುವ ಬಗೆಯವು, ಬಲ್ಲವರು ಬಲ್ಲವರೊಡನೆ ಆಡುವ ಮಾತಿನಿಂದ ಹುಟ್ಟುವಂಥವು. ಮಂಟಪದ ಹೆಸರನ್ನು ಬೇಡುತ್ತಿರುವುದು ಬೇರೊಂದು ಕ್ರಿಯೆ: ಯಾರೋ ಆಡಿದುದನ್ನು ಇನ್ನಾರಿಗೋ ದಾಟಿಸುವ ಫಾರ್ವರ್ಡು.

ಅದರ ಅತ್ಯಂತ ನಿರಪಾಯವೆನಿಸುವ ರೂಪವನ್ನೇ ಪರಿಶೀಲಿಸೋಣ. ಬೆಳಗಾದೊಡನೆ ಗ್ರೂಪಿನಿಂದ ಗ್ರೂಪಿಗೆ ಹರಿದುಬರುವ ಚಿತ್ರದಲ್ಲಿ ಬಸವಣ್ಣನವರ ಮುಖವಿರುತ್ತದೆ, ಹಿಂದೆ ಉದಯಸೂರ್ಯನಿರುತ್ತಾನೆ, ಕೆಳಗೆ ನಾಲ್ಕು ಸಾಲುಗಳಿರುತ್ತವೆ. ಕೆಲವು ನಿಜವಾದ ವಚನಗಳೇ. ಕೆಲವು ಯಶಸ್ಸನ್ನೂ ಆತ್ಮವಿಶ್ವಾಸವನ್ನೂ ಕುರಿತ ಇಂದಿನ ಬುದ್ಧಿವಾದಗಳು, ಯಾವ ಓಲೆಗರಿಯಲ್ಲಿಯೂ ಇಲ್ಲದವು. ನನ್ನನ್ನು ಹೆಚ್ಚು ಕಾಡುವುವು ಮೊದಲನೆಯ ವರ್ಗದವು. ಸ್ಥಳ ಸಾಲದೆ ಬಂದಾಗ ಚಿತ್ರಕಾರನು ಕತ್ತರಿಸುವುದು ಕೊನೆಯ ಸಾಲನ್ನು, ಎಂದರೆ ಅಂಕಿತವನ್ನು. ಚಿತ್ರದಲ್ಲಿ ಮುಖವಿರುವಾಗ ಸಹಿಯೇಕೆ ಎಂಬುದು ಅವನ ತರ್ಕವಿರಬೇಕು. ಆದರೆ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಇವು ಕರ್ತೃವಿನ ಸಹಿಗಳಲ್ಲ. ಯಾರ ಎದುರಿನಲ್ಲಿ ನಿಂತು ಮಾತನ್ನಾಡಲಾಯಿತೋ ಅವನ ಹೆಸರುಗಳು, ಬಹುಮಟ್ಟಿಗೆ ಸಂಬೋಧನೆಗಳು. ಸಂಬೋಧನೆ ಬಿದ್ದುಹೋದೊಡನೆ ಅದಕ್ಕೆ ಹಿಂದಿನ ಸಾಲುಗಳ ಅರ್ಥವೂ ಬೇರೆಯಾಗುತ್ತದೆ: ತನ್ನ ಮನಸ್ಸಿನ ಡೊಂಕನ್ನು ತನ್ನ ದೇವರಿಗೆ ಒಪ್ಪಿಸಿಕೊಂಡವನ ನಿವೇದನೆಯು ನೆರೆಯವನ ಡೊಂಕನ್ನು ತಿದ್ದುವ ಉಪದೇಶವಾಗುತ್ತದೆ, ತನ್ನನ್ನು ತಾನು ಹಳಿದುಕೊಂಡ ಮಾತು ಇನ್ನೊಬ್ಬನನ್ನು ಹಳಿಯುವ ಆಯುಧವಾಗುತ್ತದೆ. ಅಂಬಿಗರ ಚೌಡಯ್ಯನಾದರೋ ತನ್ನ ಹೆಸರನ್ನೇ ಅಂಕಿತವಾಗಿರಿಸಿ, ಆಡಿದ ಕಠೋರ ಮಾತುಗಳಿಗೆಲ್ಲ ತಾನೇ ಹೊಣೆಯೆಂದು ನಿಂತವನು. ಅವನ ಬೈಗುಳನ್ನು ಉಳಿಸಿಕೊಂಡು ಹೆಸರನ್ನು ತೆಗೆದುಹಾಕುವುದಾದರೆ ಉಳಿಯುವುದು ಬೈಗುಳು ಮಾತ್ರ.

ಈ ಒಂದು ಪದದ ಭಾರವೆಷ್ಟೆಂಬುದು ಕಲ್ಯಾಣದವರಿಗೆ ತಿಳಿಯದ ಸಂಗತಿಯಲ್ಲ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದರ ಸ್ಥಾನದಲ್ಲಿ ಲಿಂಗದೇವ ಎಂದು ಮುದ್ರಿಸಿದುದಕ್ಕಾಗಿ ಸರಕಾರವು 1998ರಲ್ಲಿ ಆ ಗ್ರಂಥವನ್ನು ನಿಷೇಧಿಸಿತು, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2017ರಲ್ಲಿ ನಿಷೇಧವೇ ಸ್ಥಿರವಾಯಿತು. ಗ್ರಂಥವನ್ನು ನಿಷೇಧಿಸುವುದನ್ನು ನಾನು ಒಪ್ಪಲಾರೆ, ಅಂಕಿತವನ್ನು ತಿದ್ದುವುದನ್ನೂ ಒಪ್ಪಲಾರೆ. ಆದರೆ ಅಲ್ಲಿ ತಿದ್ದಿದವರು ಯಾರೆಂಬುದು ಮುಖಪುಟದಲ್ಲಿಯೇ ಇದ್ದಿತು, ಅವರನ್ನು ಕಾರಣ ಕೇಳಲು ಸಾಧ್ಯವಾಯಿತು, ಅವರು ಕಾರಣವನ್ನು ಕೊಟ್ಟರು. ಆ ಪುಸ್ತಕಕ್ಕಾಗಿ ಎರಡು ದಶಕ ಹೋರಾಡಿದ ಸಮಾಜವೇ ಇಂದು ಪ್ರತಿದಿನ ಅಂಕಿತ ಕಳೆದ ವಚನಗಳನ್ನು ಕೈಯಿಂದ ಕೈಗೆ ದಾಟಿಸುತ್ತಿರುವಾಗ, ಯಾರನ್ನು ಕೇಳುವುದು?

ಇದು ಸಾಹಿತ್ಯದ ಸೂಕ್ಷ್ಮವಷ್ಟೇ, ಇದರಿಂದ ಯಾರಿಗೆ ಹಾನಿ ಎನ್ನುವವರಿಗೆ ಮುರ್ಕಿಯನ್ನು ನೆನಪಿಸಬೇಕಾಗಿದೆ. 2018ರ ಜುಲೈ 13ರಂದು ಇದೇ ಬೀದರ ಜಿಲ್ಲೆಯ ಆ ಊರಿನಲ್ಲಿ, ಮಕ್ಕಳಿಗೆ ಚಾಕೊಲೇಟು ಹಂಚಿದರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪಿನಲ್ಲಿ ಸಾರಲ್ಪಟ್ಟವರ ಕಾರನ್ನು ಅಡ್ಡಗಟ್ಟಿದ ಜನಸಮೂಹವು ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನ್ನು ಹೊಡೆದು ಕೊಂದಿತು. ಬಿಡಿಸಲು ಹೋದ ಪೋಲೀಸರೂ ಗಾಯಗೊಂಡರು. ದಾಟಿಬಂದ ಸಂದೇಶಗಳ ನೆತ್ತಿಯ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಹಾಕುವ ಏರ್ಪಾಡು ಬಂದು ಆಗ ಮೂರು ದಿನಗಳಾಗಿದ್ದವು. ಅದೇ ತಿಂಗಳಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯೂ ಪ್ರಕಟವಾಯಿತು. ಮಿತಿಯು ವೇಗವನ್ನು ತಗ್ಗಿಸಿರಬಹುದು. ಗುರುತು ಹೇಳುವುದೇನು? ಇದು ಕಳುಹಿಸಿದವನ ಮಾತಲ್ಲವೆಂದು ಹೇಳುತ್ತದೆ. ಯಾರ ಮಾತೆಂದು ಹೇಳುವುದಿಲ್ಲ. ಓದುವವನಿಗೆ ಎಚ್ಚರಿಕೆಯಾಗಲೆಂದು ಇಟ್ಟುದು ಕಳುಹಿಸುವವನಿಗೆ ಬಿಡುಗಡೆಯ ಪತ್ರವಾಗಿದೆ.

ಆ ಸಾವಿನ ಬಳಿಕ ರಾಜಧಾನಿಯ ಕೆಲವು ಲೇಖಕರು ಹಿಂದುಳಿದ ಪ್ರದೇಶದ ಅಜ್ಞಾನವನ್ನು ಕುರಿತು ದುಃಖದಿಂದ ಮಾತನಾಡಿದರು. ಅವರೊಡನೆ ನನ್ನ ಜಗಳ ಇಂದಿಗೂ ತೀರಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ, ಅದೇ ವದಂತಿಗೆ ಸಿಕ್ಕಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬನು ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೇ ಪ್ರಾಣ ಕಳೆದುಕೊಂಡುದನ್ನು ಅವರು ಯಾವ ಪ್ರದೇಶದ ಅಜ್ಞಾನಕ್ಕೆ ಸೇರಿಸುವರು? ಮುರ್ಕಿಯವರು ಅಪರಿಚಿತನ ಮಾತನ್ನು ನಂಬಲಿಲ್ಲ. ಸುದ್ದಿಯನ್ನು ತಂದುದು ತಮ್ಮವರಿದ್ದ ಗ್ರೂಪು, ತಮ್ಮವರ ಹೆಸರು. ಬಲ್ಲವನ ಮುಖದ ಮೇಲಣ ವಿಶ್ವಾಸವನ್ನು ಮುಖವಿಲ್ಲದ ಮಾತಿಗೆ ಕಡ ಕೊಡಿಸುವುದೇ ಈ ಯಂತ್ರದ ಕೌಶಲ; ಅದಕ್ಕೆ ಪದವೀಧರನೂ ನಿರಕ್ಷರನೂ ಸಮಾನವಾಗಿ ಸಿಕ್ಕುತ್ತಾರೆ. ಫೋನನ್ನೇ ತ್ಯಜಿಸಿರೆಂದು ಬೋಧಿಸುವ ಇನ್ನೊಂದು ಪಂಗಡದವರಿಗೂ ಇಷ್ಟನ್ನು ಹೇಳಬೇಕು: ಪುಸ್ತಕದ ಕಪಾಟೂ ಪತ್ರಿಕೆಯ ಅಂಕಣವೂ ಉಳ್ಳವರಿಗೆ ಆ ತ್ಯಾಗ ಸುಲಭ, ಮಗನ ಮುಖ ಕಾಣಲು ಬೇರೆ ಉಪಾಯವಿಲ್ಲದ ತಾಯಿಗೆ ಅದನ್ನು ಬೋಧಿಸುವುದು ಕ್ರೌರ್ಯ.

ಇನ್ನು ಮಂಟಪದ ಮಾತು. ಶೂನ್ಯಸಂಪಾದನೆಯು ಚಿತ್ರಿಸುವ ಕಲ್ಯಾಣದಲ್ಲಿ ಮಾತನಾಡುವ ಸ್ವಾತಂತ್ರ್ಯಕ್ಕಿಂತ ಮಾತಿಗೆ ಉತ್ತರ ಕೊಡುವ ಬಾಧ್ಯತೆಯೇ ದೊಡ್ಡದು. ಬಂದ ಅಕ್ಕನನ್ನು ಅಲ್ಲಮನು ಸುಮ್ಮನೆ ಕೊಂಡಾಡಿ ಒಳಕ್ಕೆ ಕರೆಯುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಒಡ್ಡುತ್ತಾನೆ, ಅವಳು ಅಲ್ಲಿಯೇ ನಿಂತು ಉತ್ತರಿಸುತ್ತಾಳೆ. ಮಹಾಮನೆಯ ಅಂಗಳದಲ್ಲಿ ಅಕ್ಕಿಯನ್ನಾಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಗಂಡನನ್ನು ಹಿಂದಕ್ಕಟ್ಟಿದಳೆಂದು ಶರಣಪರಂಪರೆ ಹೇಳುತ್ತದೆ. ಅಕ್ಕಿ ಬಂದುದು ಬಸವಣ್ಣನ ಮನೆಯಿಂದ, ತಂದವನು ಸ್ವಂತ ಗಂಡ. ಆ ಎರಡು ಕಾರಣಗಳೂ ಅವಳ ವಿಚಾರಣೆಯನ್ನು ತಡೆಯಲಿಲ್ಲ. ಎಲ್ಲರಿಗೂ ಬಾಯಿ ಕೊಟ್ಟಿರುವ ಜಾಲತಾಣದಲ್ಲಿ ಈ ವಿಚಾರಣೆಗೆ ಮಾತ್ರ ಎಡೆಯಿಲ್ಲ.

ಎಡೆ ಮಾಡಲು ಬೇಕಾದ ಸಾಮಗ್ರಿ ಅದೇ ಫೋನಿನಲ್ಲಿಯೇ ಇದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳಿಗಾಗಿ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಬಂದುವು. ಓಂಶಿವಪ್ರಕಾಶರೂ ಅವರ ಸಂಗಡಿಗರೂ ಕಟ್ಟಿದ ‘ವಚನ ಸಂಚಯ’ದಲ್ಲಿ ಇಂದು ಯಾರು ಬೇಕಾದರೂ ಒಂದು ಪದವನ್ನು ಒತ್ತಿ, ಅದು ಯಾವ ವಚನಕಾರನಲ್ಲಿ ಎಲ್ಲಿ ಬರುತ್ತದೆಂದು ಕಾಣಬಹುದು. ಜಾಲವು ಕನ್ನಡಕ್ಕೆ ಮಾಡಿದ ಅತ್ಯುತ್ತಮ ಸೇವೆಗಳಲ್ಲೊಂದಾದ ಇದನ್ನು ಹೊಗಳುವವರು, ಮಂಟಪದ ಉಪಮೆಯನ್ನು ಹೊಗಳುವವರಿಗಿಂತ ಎಷ್ಟೋ ಕಡಿಮೆ. ಬಸವಕಲ್ಯಾಣದಲ್ಲಿ ಬೆಳಗಿನ ಚಿತ್ರಗಳನ್ನು ಸಿದ್ಧಗೊಳಿಸುವ ತರುಣರು ಅಂಕಿತವನ್ನು ಉಳಿಸಿ, ವಚನಕಾರನ ಹೆಸರನ್ನೂ ಸಂಪುಟದ ಸಂಖ್ಯೆಯನ್ನೂ ವಚನದ ಸಂಖ್ಯೆಯನ್ನೂ ಕೆಳಗೆ ಬರೆದು, ಚಿತ್ರ ಮಾಡಿದವರು ತಾವೆಂದು ತಮ್ಮ ಹೆಸರನ್ನೂ ಹಾಕಲಿ. ಹುಮನಾಬಾದಿನ ಗ್ರೂಪುಗಳ ಅಡ್ಮಿನ್ನರು ಇವಿಲ್ಲದ ಚಿತ್ರವನ್ನು ಮುಂದಕ್ಕೆ ಬಿಡದೆ ಕಳುಹಿಸಿದವರಿಗೇ ಮರಳಿಸಲಿ.