ಹದಿನೆಂಟು ಆಸರೆಗಳ ಮೇಲೊಂದು ಕನ್ನಡಿ

ಮನೆಯಲ್ಲೇ ದೂರದರ್ಶಕ ಕಟ್ಟುವ ಹವ್ಯಾಸಿಗಳು ಕನ್ನಡಿ ಉಜ್ಜಲು ತಿಂಗಳುಗಟ್ಟಲೆ ವ್ಯಯಿಸುತ್ತಾರೆ. ಅದನ್ನು ಕೂರಿಸುವ ತಳಕ್ಕೆ ಒಂದು ಭಾನುವಾರ ಸಾಕೆಂದುಕೊಳ್ಳುತ್ತಾರೆ. ಎಷ್ಟೋ ಒಳ್ಳೆಯ ಕನ್ನಡಿಗಳು ಕೆಡುವುದು ಇಲ್ಲೇ. ಕನ್ನಡಿಯ ಮೈ ತನ್ನ ಸರಿಯಾದ ಆಕಾರದಿಂದ ಸುಮಾರು 70 ನ್ಯಾನೋಮೀಟರ್‌ಗಿಂತ ಹೆಚ್ಚು ತಪ್ಪಬಾರದು. ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲು ಅಷ್ಟೇ. ಈ ಲೆಕ್ಕಕ್ಕೆ ದಪ್ಪ ಗಾಜೂ ತನ್ನ ಭಾರಕ್ಕೆ ತಾನೇ ಬಾಗುತ್ತದೆ.

6 ಇಂಚಿನ ದಪ್ಪ ಗಾಜಿಗೆ ಮೂರು ಆಸರೆ ಸಾಕು. 16 ಇಂಚಿನದಕ್ಕೆ ಸಾಲದು, ನಡುನಡುವೆ ಜೋಲುತ್ತದೆ. ಹಾಗೆಂದು 18 ಬೋಲ್ಟುಗಳನ್ನು ಬಿಗಿದು ನಿಲ್ಲಿಸಿದರೆ? ಎಷ್ಟೇ ಮಟ್ಟ ನೋಡಿ ಕೂರಿಸಿದರೂ ಭಾರವೆಲ್ಲ ಕೆಲವೇ ಬೋಲ್ಟುಗಳ ಮೇಲೆ ಬೀಳುತ್ತದೆ; ಉಳಿದವು ಗಾಜನ್ನು ಮುಟ್ಟಿಯೂ ಮುಟ್ಟದಂತಿರುತ್ತವೆ.

ಇದಕ್ಕೆ ಉಪಾಯ ಕಂಡುಕೊಂಡವನು ಡಬ್ಲಿನ್ನಿನ ಥಾಮಸ್ ಗ್ರಬ್. 1830ರ ದಶಕದಲ್ಲಿ ಅರ್ಮಾ ವೀಕ್ಷಣಾಲಯಕ್ಕೆ ಮಾಡಿಕೊಟ್ಟ 15 ಇಂಚಿನ ದೂರದರ್ಶಕದಲ್ಲಿ ಅವನು ಕನ್ನಡಿಯನ್ನು ಸನ್ನೆಗಳ ಮೇಲೆ ಕೂರಿಸಿದ. ಬರ್ ಕೋಟೆಯಲ್ಲಿ ಲಾರ್ಡ್ ರಾಸ್ 1845ರಲ್ಲಿ ನಿಲ್ಲಿಸಿದ ದೈತ್ಯ ದೂರದರ್ಶಕದ 72 ಇಂಚಿನ ಲೋಹದ ಕನ್ನಡಿಗೂ ಅದೇ ಏರ್ಪಾಟು. ಜೋಡಿ ಕುದುರೆಗಳ ಎಳೆತವನ್ನು ಸಮ ಮಾಡಲು ಗಾಡಿಗಳಲ್ಲಿ ಕಟ್ಟುತ್ತಿದ್ದ, ನಡುವೆ ಕೀಲಿರುವ ಅಡ್ಡಪಟ್ಟಿಯ ಕೆಲಸವೂ ಇದೇ ತತ್ವದ್ದು.

18 ಆಸರೆಯ ತಳವನ್ನು ಕೈಗೆತ್ತಿಕೊಂಡೇ ನೋಡಬೇಕು. ಆರು ತ್ರಿಕೋನ ಫಲಕಗಳು, ಒಂದೊಂದು ಮೂಲೆಗೂ ಒಂದು ಬಿಲ್ಲೆ. ತ್ರಿಕೋನದ ಕೀಲು ಇರುವುದು ಒಳಮೂಲೆಯಿಂದ ಹೊರ ಅಂಚಿನ ನಡುವಿಗೆ ಎಳೆದ ಗೆರೆಯ ಮೂರನೇ ಎರಡು ಭಾಗ ದಾಟಿದಲ್ಲಿ. ಎರಡೆರಡು ತ್ರಿಕೋನಗಳು ಒಂದೊಂದು ಪಟ್ಟಿಯ ತುದಿಗೆ, ಪಟ್ಟಿಯ ಕೀಲು ನಟ್ಟನಡುವೆ. ಕೊನೆಗೆ ಮೂರು ಪಟ್ಟಿಗೆ ಮೂರು ತಿರುಪು. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರೆ ಎದುರು ಅಂಚು ಏಳುತ್ತದೆ. 9 ಕಿಲೋ ಗಾಜನ್ನು ಇಟ್ಟರೆ ಭಾರ ಹಂಚಿಕೊಂಡು ಹೋಗಿ ಒಂದೊಂದು ಬಿಲ್ಲೆಗೆ ಅರ್ಧ ಕಿಲೋ ಸಿಗುತ್ತದೆ.

ಈ ಅಲುಗಾಟವೇ ಹೊಸಬರಿಗೆ ಭಯ. ಕೀಲುಗಳನ್ನು ಬಿಗಿದುಬಿಡುತ್ತಾರೆ, ಅಲ್ಲಿಗೆ ಸಮಪಾಲು ಮುಗಿಯಿತು. ಅಂಚಿನ ಮೂರು ಕ್ಲಿಪ್ಪುಗಳನ್ನು ಒತ್ತಿ ಹಿಡಿಸಿದರಂತೂ ನಕ್ಷತ್ರ ಮುಕ್ಕೋನವಾಗಿ ಕಾಣುತ್ತದೆ. ಕ್ಲಿಪ್ಪಿಗೂ ಗಾಜಿಗೂ ನಡುವೆ ಕಾಗದ ತೂರುವಷ್ಟು ಸಂದು ಇರಲೇಬೇಕು.

ದೊಡ್ಡವರ ದಾರಿಯೂ ಇದೇ. ಹವಾಯಿಯ ಕೆಕ್ ದೂರದರ್ಶಕದ ಕನ್ನಡಿಯಲ್ಲಿರುವ 36 ತುಂಡುಗಳಲ್ಲಿ ಪ್ರತಿಯೊಂದೂ ಹಿಂಬದಿಯಲ್ಲಿ 36 ಬಿಂದುಗಳ ಮೇಲೆ ಕೂತಿದೆ. ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ 492 ತುಂಡುಗಳು, ತುಂಡಿಗೆ 27 ಬಿಂದು. ಈ ಆಸರೆಗಳನ್ನು ಒದಗಿಸುವ ಹೊಣೆ ಭಾರತದ ಪಾಲಿನದು. ಆ ಪಾಲಿನ ಕೆಲಸವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ನಕ್ಷತ್ರ ಸೊಟ್ಟಗೆ ಕಂಡಾಗ ಗಾಜನ್ನು ಮತ್ತೆ ಉಜ್ಜಲು ಹೊರಡುವ ಮುನ್ನ ಕನ್ನಡಿಯನ್ನು ತಳದಲ್ಲೇ ಕಾಲು ಸುತ್ತು ತಿರುಗಿಸಿ ನೋಡಬೇಕು. ಸೊಟ್ಟವೂ ಜೊತೆಗೆ ತಿರುಗಿದರೆ ದೋಷ ಗಾಜಿನದು. ಇದ್ದಲ್ಲೇ ನಿಂತರೆ ಮೊದಲು ಅನುಮಾನಿಸಬೇಕಾದದ್ದು ತಳವನ್ನು.